ಡಬ್ಬಿಯ ಮೂಲೆಯ ಅಂಕಿ

ಮನಾಮದ ಸೂಕಿನಲ್ಲಿ, ಬಾಬ್ ಅಲ್ ಬಹ್ರೇನಿನ ಬೆನ್ನಿಗೆ,
ಗಡಿಯಾರದಂಗಡಿಗೂ ಅತ್ತರಿನವನಿಗೂ ನಡುವೆ
ಎರಡು ಮಾರು ಅಗಲದ ಅಂಗಡಿ ನಮ್ಮದು.
ಮನೆಯ ಗೋಡೆಗೆ ಸಿನಿಮಾ ಬಿಡುವವರಿಗೆ
ಎಂಟು ಮಿಲಿಮೀಟರಿನ ರೀಲು ಮಾರುತ್ತಿದ್ದೆವು.
ಎಪ್ಪತ್ತೆಂಟನೆಯ ಇಸವಿ. ನನಗೆ ಚೀಟಿ ಬರೆಯುವ ಕೆಲಸ.
ಅರ್ಬಾಬ್ ಖಲಫ್ ಹೆಸರು ಹಿಡಿದು ಕರೆದದ್ದಿಲ್ಲ,
ಕಾತಿಬ್ ಎನ್ನುತ್ತಿದ್ದ. ಬರೆಯುವವನೇ, ಬಾ ಇಲ್ಲಿ.

ಕತೆಗೆ ಬೆಲೆಯಿರಲಿಲ್ಲ, ಉದ್ದಕ್ಕೆ ಇತ್ತು.
ಐವತ್ತು ಅಡಿ, ಕಪ್ಪು ಬಿಳುಪು, ಮೂಕ: ಎರಡು ದಿನಾರು.
ಇನ್ನೂರು ಅಡಿ, ಬಣ್ಣ, ಸದ್ದು ಉಂಟು: ಒಂಬತ್ತು.
ಮೂರು ನಿಮಿಷ ಓಡುವ ಕುದುರೆಗೂ
ಮೂರು ನಿಮಿಷ ಮುಳುಗುವ ಹಡಗಿಗೂ ಒಂದೇ ದರ.

ಲಂಡನ್ನಿನ ಕಂಪನಿ ಭಾರೀ ಚಾಲಾಕು.
ಎರಡು ಗಂಟೆಯ ಚಿತ್ರ ಕೊಚ್ಚಿ ಮೂರು ಡಬ್ಬಿಗೆ ತುಂಬಿ
'ಭಾಗ ಎರಡು' ಎಂದು ಅಚ್ಚು ಹಾಕುವುದು,
ಎಷ್ಟರಲ್ಲಿ ಎರಡು ಎನ್ನುವುದಿಲ್ಲ.
ಹೋದ ವರ್ಷ ಹೋಗದ ಮಾಲು ಈ ವರ್ಷ
ಹೊಸ ಹೆಸರು ಹೊತ್ತು, ಮೇಲೊಂದು ಹುಲಿಯ ಚಿತ್ರ ಹೊತ್ತು ಬರುವುದು;
ಒಳಗೆ ಅದೇ ಮುದಿ ಸಿಂಹ.
ಮುಹರ್ರಕಿನ ಅಜ್ಜನೊಬ್ಬ ಬರೀ ಮೂರನೆಯ ಭಾಗ ಕೊಂಡು
ಹಿಂದಿನದ್ದು ನಾನೇ ಕಟ್ಟಿಕೊಳ್ಳುತ್ತೇನೆ ಬಿಡು, ಎಂದ.

ಡಬ್ಬಿಯ ಬಲ ಮೂಲೆಯಲ್ಲಿ, ಪೆನ್ಸಿಲಿನಲ್ಲಿ, ಅಸಲು.
ಚೌಕಾಸಿಗೆ ಅದೇ ಬೇಲಿ, ದಾಟಬಾರದು;
ಗಿರಾಕಿಗೆ ತಿಳಿಯಲೂಬಾರದು.
ಅರಬಿ ಊರಿಗೇ ಬರುತ್ತದೆ, ಇಂಗ್ಲಿಷು ಬಂದರಿಗೆ,
ಮಲಯಾಳ ಪಕ್ಕದ ಮೂರು ಅಂಗಡಿಗೆ.
'ನಿನ್ನ ಕಡೆಯದ್ದು ಎಂಥ ಬರಹ?' ಕೇಳಿದ ಖಲಫ್.
ಬರೆದು ತೋರಿಸಿದೆ. ಜಿಲೇಬಿ ಎಂದು ನಕ್ಕು, ಇದೇ ಆಗಲಿ ಎಂದ.

ಉಪ್ಪಳದ ಶಾಲೆಯಲ್ಲಿ ಕೊಗ್ಗ ಮಾಸ್ತರರು
೬ರ ಬಾಲ ಎತ್ತ, ೯ರ ಬಾಲ ಎತ್ತ ಎಂದು
ಬೆರಳ ಗಂಟಿಗೆ ಬಡಿದು ಕಲಿಸಿದ್ದು
ಹೀಗೆ ಕಡಲಾಚೆ ಗುಟ್ಟಾಗಿ ನೌಕರಿ ಹಿಡಿಯಿತು.
ಹನ್ನೊಂದು ತಿಂಗಳು ಬರೆದೆ.
ಓದುವವನೂ ನಾನೇ.

ಒಂದು ಗುರುವಾರ, ಸಲ್ಮಾನಿಯಾ ಆಸ್ಪತ್ರೆಯ ನರ್ಸು,
ಬಿಳಿ ಚಪ್ಪಲಿ, ಕೈಯಲ್ಲಿ ಮಕ್ಕಳ ವಾರ್ಡಿನ ಚಂದಾ ಲಕೋಟೆ,
ಬಾತುಕೋಳಿಯ ರೀಲು ಎತ್ತಿ, ತಿರುಗಿಸಿ,
ಮೂಲೆಗೆ ಕನ್ನಡಕ ತಂದು:
'ಏನ್ರೀ, ಎರಡೂವರಿಗೆ ತಂದು
ಒಂಬತ್ತಕ್ಕ ಮಾರ್ತೀರಲ್ಲ, ದೇವರ ಅಂಜಿಕಿ ಐತೋ ಇಲ್ಲೋ?'

ಬೆಟಗೇರಿಯ ಎಸ್ತರವ್ವ.
ಕಳ್ಳತನ ಸಿಕ್ಕಿಬಿದ್ದ ಹೊತ್ತಿಗೆ ಹಾಗೆ ಯಾರೂ ನಕ್ಕಿರಲಾರರು.
ಸುಲೈಮಾನಿ ತರಿಸಿದೆ. ಮೂರಕ್ಕೆ ಕೊಟ್ಟೆ.
ಆಕೆಯ ಜೋಳದ ಮಾತು, ನನ್ನ ಮೀನಿನ ಮಾತು,
ಎರಡೂ ಆ ಮೇಜಿನ ಮೇಲೆ ಹಂಚಿಕೊಂಡೆವು.

ಸಂಜೆ ಲೆಕ್ಕ ನೋಡಿ ಖಲಫ್ ಗದರಲಿಲ್ಲ.
'ಬೀಗಕ್ಕೆ ಎರಡನೇ ಕೀಲಿ ಉಂಟೆಂದಾಯಿತು,
ಇನ್ನು ಪ್ರತಿ ದಿನಾರಿಗೂ ಮೂರು ಕೂಡಿಸಿ ಬರೆ' ಎಂದ, ಅಷ್ಟೆ.
ಆ ರಾತ್ರಿ ರಬ್ಬರು ಹಿಡಿದು ಕೂತು
ಎರಡನ್ನು ಐದು ಮಾಡಿದೆ, ನಾಲ್ಕನ್ನು ಏಳು.
ನುಣ್ಣಗೆ ಬಂದವು. ಮಾಸ್ತರರು ನೋಡಿದ್ದರೆ ಸೈ ಎನ್ನುತ್ತಿದ್ದರು.

ಈದಿನ ಹಿಂದಿನ ವಾರ ಮತ್ತೆ ಬಂದಳು.
ನನ್ನನ್ನು ಕೇಳಲೇ ಇಲ್ಲ, ಮೂಲೆಯನ್ನು ಕೇಳಿದಳು.
'ಐದೂವರಿ ಬಿದ್ದೈತಿ ಈ ಸಲ! ಪಾಪ, ನಿಮಗರ ಏನು ಉಳಿದೀತು'
ಎಂದು ಒಂಬತ್ತನ್ನೂ ಎಣಿಸಿಟ್ಟು,
ಚಿಲ್ಲರೆಗೆ ನಿಲ್ಲದೆ, ಮಕ್ಕಳು ಕಾಯ್ತಾವು ಎಂದು ಹೋದಳು.

ಆಮೇಲೆ ವಿಡಿಯೊ ಬಂತು. ಅರ್ಧ ಬೆಲೆ, ಕಾಲು ಬೆಲೆ,
ಚೀಟಿಯ ಮೇಲೆ ಚೀಟಿ ಅಂಟಿಸಿ ಅಂಟಿಸಿ
ಡಬ್ಬಿಗಳು ದಪ್ಪವಾದವು, ಅಂಗಡಿ ತೆಳ್ಳಗಾಯಿತು.

ಒಂದು ನನ್ನ ಬಳಿ ಉಳಿದಿದೆ.
ಎಲ್ಲ ಚೀಟಿ ಕಿತ್ತರೆ ಮೂಲೆಯಲ್ಲಿ, ಮಸುಕಾಗಿ, ೭.
ಆ ಗುರುವಾರಕ್ಕೆ ಮುಂಚಿನದೋ, ಅನಂತರದ್ದೋ
ನೆನಪಾಗುವುದಿಲ್ಲ.
ಏಳು ಏಳೇ ಇರಬಹುದು.
ನಾಲ್ಕೂ ಇರಬಹುದು.