ಮಲ್ಕಣ್ಣನ ಕನ್ನಡಿ

ರಾತ್ರಿ ಎರಡಕ್ಕ ವಾಡಿ ಕಡಿಂದ ಗೂಡ್ಸ್ ಗಾಡಿ ಬರ್ತದ,
ಅದರ ಹಿಂದಿಂದನ ಇವರ ಕಾಲು.
ಇದ್ದ ಕಾಲಲ್ಲ. ಇಲ್ಲದ್ದು.
"ಏ, ಕಲ್ಲು ಎತ್ತ್ರೋ" ಅಂತ ನಿದ್ದ್ಯಾಗ ಒದರತಾರ,
ಕಣ್ಣು ತೆರದ ಮ್ಯಾಲ ಭೀ
ಎಡಗಾಲಿನ ಐದೂ ಬೆರಳು ಬಿಗಿಹಿಡದು
ಫರಸಿ ತೆಳಗನ ಅದಾವ ಅಂತಾರ.
ನಾಕು ಮಂದಿ ಇಳಸೋ ಫರಸಿ. ಅವತ್ತು ಇಬ್ಬರೇ ಇದ್ರು.

ಮೊದಮೊದಲು ನಾ ಭೀ ಹೇಳ್ತಿದ್ದೆ,
ಇಲ್ಲದ ಕಾಲು ಹ್ಯಾಂಗ ನೋಯ್ತದ, ಸುಮ್ಮ ಮಕ್ಕೋರಿ.
ಗ್ವಾಡಿ ಕಡಿ ಮುಖ ಮಾಡಿ ಮಲಗೋರು
ಸುಳ್ಳು ಹೇಳಿ ಸಿಕ್ಕಿಬಿದ್ದ ಹುಡುಗನಂಗ.
ಒಂದಿನ ಅಂಗಾಲು ತುರಸ್ತದ ಅಂದ್ರು.
ನಂದೂ ನಿದ್ದಿಗೆಟ್ಟು ಸಿಟ್ಟು ಬಂದಿತ್ತು,
ಹೋಗ್ಲಿ ಅಂತ ಬರೀ ಕೌದಿನ ಕೆರದೆ.
"ಇಲ್ಲ, ಇನ್ನಾ ತೆಳಗ."
ಕೆರದೆ.
"ಹಿಮ್ಮಡ ಬಲ್ಲಿ."
ಕೆರದೆ.
"ಹಾಂ, ಅಲ್ಲೇ" ಅಂದು ನಿದ್ದಿ ಹೋದ್ರು.
ನಾ ಬೆಳಕು ಹರಿಯೋತನ ಕುಂತಿದ್ದೆ,
ಉಗುರಾಗ ಕೌದಿ ನೂಲು.

ಶಾಬಾದಿನ ನಮ್ಮ ಓಣ್ಯಾಗ ಎಲ್ಲಾರೂ ಡಾಕ್ಟರೇ.
ಗುರುಬಸಮ್ಮ ಅಂದಳು, ಹೂಳುವಾಗ ಬೆರಳು ಮಡಚಿರಬೇಕು,
ಅಗದು ತಗದು, ನೀಟ ಮಾಡಿ, ಮತ್ತ ಹೂಳ್ರಿ.
ಮೈದುನಗ ಕೇಳಿದೆ. ಅಂವ ನೆಲ ನೋಡಿದ:
"ದವಾಖಾನಿಯವರು ಹಳದಿ ಚೀಲದಾಗ ಗಂಟು ಕಟ್ಟಿ ಕೊಟ್ಟರು, ವೈನಿ.
ನಾ ಬಿಚ್ಚಿ ನೋಡ್ಲಿಲ್ಲ.
ಕೂಸಿಗಿಂತ ವಜ್ಜ ಇತ್ತು."
ಹೇಳಬಾರದು, ಸಲಿಕಿ ಹಿಡದು ಅಲ್ಲಿತನ ಹೋಗಿದ್ದೆ.
ಬಳ್ಳಾರಿ ಜಾಲಿ ಬೆಳದು ಜಾಗ ಸಿಗಲಿಲ್ಲ.
ಸಿಕ್ಕಿದ್ರ?
ಬ್ಯಾಡ ಬಿಡ್ರಿ.

ಕಲಬುರಗಿ ದೊಡ್ಡ ದವಾಖಾನ್ಯಾಗ, ಮಂಗಳಾರ ಮಂಗಳಾರ,
ಸುಮೈಯಾ ಅಂತ ಒಬ್ಬ ಹುಡುಗಿ, ವ್ಯಾಯಾಮ ಕಲಸಾಕಿ.
ಅಕಿ ನಗಲಿಲ್ಲ. ಅದೊಂದಕ್ಕ ಅಕಿಗಿ ಒಳ್ಳೇದಾಗಲಿ.
"ಕಾಲು ಹೋಗ್ಯಾದ ಕಾಕಾ, ತೆಲ್ಯಾಗ ಅದರ ಜಾಗ ಹಾಂಗೇ ಅದ.
ಬಾಡಿಗಿಯವರು ಬಿಟ್ಟುಹೋದ ಮನಿಗಿ
ಇನ್ನಾ ಅವರ ಟಪಾಲು ಬರ್ತದಲ್ಲ, ಹಾಂಗ."
ನರದ ಗುಳಗಿ ರಾತ್ರಿ ಒಂದು.
ಮೊಂಡಿಗಿ ದಿನಾ ಮೂರು ಹೊತ್ತು ಅರಿವಿಲೆ ತಿಕ್ಕೋದು,
ಮೊದಲು ಹತ್ತಿ, ಆಮ್ಯಾಲ ಟಾವೆಲ್, ತಡಕೊಂಡ್ರ ಗೋಣಿ.
ಮತ್ತ ಒಂದು ಕನ್ನಡಿ. ಕಾಲಿನಷ್ಟು ಉದ್ದಂದು.

ನಮ್ಮ ಮನ್ಯಾಗಿದ್ದದ್ದು ಅಂಗೈಯಷ್ಟು,
ಕಣ್ಣು ಕಂಡ್ರ ಕುಂಕುಮ ಕಾಣದಂಥಾದ್ದು.
ಹಡಪದ ಮಲ್ಕಣ್ಣ ಅಂಗಡಿಂದ ಹಳೀದು ಕಳಚಿ ತಂದ,
ಮೂಲಿಗೆಲ್ಲ ಪಾದರಸ ಹಾರಿತ್ತು.
"ಊರ ಮಂದಿ ಗದ್ದ ತಡಕೊಂಡದ ಇದು,
ಒಂದು ಕಾಲು ಏನು ಭಾರ" ಅಂದ.

ಈಗ ಸಂಜಿಗಿ ಹೊರಸಿನ ಮ್ಯಾಲ
ಎರಡು ತೊಡಿ ನಡುವ ಕನ್ನಡಿ ನಿಂದರಸ್ತೀನಿ.
ಮೊಂಡು ಅದರ ಹಿಂದ. ಬಲಗಾಲು ಮುಂದ.
ನೋಡಿದ್ರ ಜೋಡಿ ಕಾಲು,
ಲಗ್ನದಾಗ ನಾ ತೆಲಿ ತಗ್ಗಿಸಿ ನೋಡಿದ್ದು ಇವನ್ನೇ.
ಹೆಬ್ಬೆರಳಿನ ಸೀಳುಗುರು ಭೀ ಎರಡು.

ಗಂಡನ ಹೆಸರು ಬಾಯಿಲೆ ಹೇಳಬಾರದಂತ.
ಕನ್ನಡ್ಯಾಗಿನ ಕಾಲಿಗಿ ಅದೆಂಥಾ ಕಟ್ಟಳಿ?
"ಭೀಮಶಾ" ಅಂತೀನಿ, "ಬೆರಳು ಬಿಡಸು."
ಈ ಕಡಿ ಬೆರಳು ಬಿಚ್ಚತಾವ.
ಆ ಕಡಿ ಭೀ ಬಿಚ್ಚತಾವ.
"ಫರಸಿ?"
"ಒಂದು ಚೂರು ಎದ್ದದ."
"ಇನ್ನೊಮ್ಮಿ."

ಹೋಗ್ಯಾದ ಅಂತ ಹೇಳಂಗಿಲ್ಲ. ಮೋಡ ಹಾಕಿದ್ರ ಬರ್ತದ,
ಸಿಮೆಂಟ್ ಖಣ್ಯಾಗ ಸುರಂಗ ಹಾರಿಸಿದ್ರ ಬರ್ತದ,
ಒಮ್ಮೊಮ್ಮಿ ಏನೂ ಇಲ್ಲದ ಬರ್ತದ.
ಆದ್ರ ನಿನ್ನಿ ಎರಡರ ಗಾಡಿ ಹೋತು,
ಇವರು ಮಕ್ಕೊಂಡೇ ಇದ್ರು.
ನನಗೇ ಎಚ್ಚರಾತು.
ಎಡಗಡಿ ಕೌದಿ ತುದಿ ಸರದಿತ್ತು.
ತೆಳಗ ಏನೂ ಇಲ್ಲ, ಗೊತ್ತದ.
ಥಂಡಿ ಇತ್ತು,
ಎಳದು ಹೊಚ್ಚಿದೆ.