ರಿವರ್ಸ್ ಬೀಳದ ಕಾರು

ಮಧುಗಿರಿ ಬಿಟ್ಟಮೇಲೂ ಆ ಒಂಟಿ ಬೆಟ್ಟ
ಕಾರಿನ ಕನ್ನಡಿಯೊಳಗೆ ಕೂತೇ ಇತ್ತು,
ಮಿಡಿಗೇಶಿ ದಾಟುವ ತನಕ ಇಳಿಯಲಿಲ್ಲ.

ತೊಂಬತ್ತಾರರ ಮಾರುತಿ. ರಿವರ್ಸ್ ಬೀಳುವುದಿಲ್ಲ.
"ಈ ವಯಸ್ಸಲ್ಲಿ ಹಿಂದಕ್ಕೋಗೋ ಕೆಲಸ ಏನೈತೆ"
ಎಂದಳು ಜೈಬುನ್ನಿಸಾ, ಹುರಿಗಡಲೆ ಪೊಟ್ಟಣ ಬಿಚ್ಚುತ್ತ.
ನಿಲ್ಲಿಸುವಾಗ ಮಾತ್ರ ಮೂತಿ ರಸ್ತೆಗಿರಬೇಕು.

ಹದಿನೇಳು ವರ್ಷ ಟ್ರಂಕ್ ಬೋರ್ಡಿನ ಮುಂದೆ
ಒಂದೇ ಬೆಂಚು ಸವೆಸಿದವರು ನಾವು,
ಈ ಊರುಗಳನ್ನೆಲ್ಲ ತೂತುಗಳಾಗಿ ಕಂಡವರು.
ಮೇಲಿನ ಸಾಲು ಪಾವಗಡ.
ಕೆಳಗಿನ ಮೂಲೆ, ಯಾವಾಗಲೂ ಗೊರಗೊರ, ನಾಗಲಮಡಿಕೆ.
ಅಲ್ಲಿ ಹೆರಿಗೆಯಾದರೆ ಅಪ್ಪನಿಗಿಂತ ಮೊದಲು ನಮಗೆ ಗೊತ್ತು,
ಅಲ್ಲಿ ಮಳೆ ಬಂದರೆ ತಂತಿಯಲ್ಲೇ ಚಟಪಟ.
ಹೋಗಿರಲಿಲ್ಲ, ಒಂದು ಸಲವೂ.

ನಡುವೆ ಆಂಧ್ರ ಬಂತು.
ಯಾರೂ ಹೇಳಲಿಲ್ಲ. ಮೈಲಿಗಲ್ಲಿನ ಅಕ್ಷರಗಳ
ತಲೆಕಟ್ಟು ಕೊಂಚ ಓರೆಯಾಯಿತು, ಅಷ್ಟೆ.
ಜೈಬು ಉರ್ದುವಿನಲ್ಲಿ ಟೀ ಹೇಳಿದಳು,
ನಾನು ಕನ್ನಡದಲ್ಲಿ ದುಡ್ಡು ಕೊಟ್ಟೆ,
ಚಿಲ್ಲರೆ ತೆಲುಗಿನಲ್ಲಿ ವಾಪಸು ಬಂತು.
ಲೋಟ ತೊಳೆದಿಟ್ಟ ಅಂಗಡಿಯಾಕೆ, ಇಬ್ಬರು ಮುದುಕಿಯರು
ಯಾವ ಮದುವೆಗೆ ಹೊರಟರೋ ಎಂದು ನೋಡುತ್ತ ನಿಂತಳು.
ಹಾಗೇ ಸೀಮೆಜಾಲಿ, ಗುಂಡುಬಂಡೆ, ಒಂದು ಹುಣಸೆ,
ಮತ್ತೆ ತಲೆಕಟ್ಟು ಮಟ್ಟಸ.

ತಿರುಮಣಿಯ ಹತ್ತಿರ ಹೊಲಗಳಿರಲಿಲ್ಲ.
ಕಪ್ಪು ಗಾಜು ಬಿತ್ತಿದ್ದರು ಕಣ್ಣು ಹೋದಷ್ಟು ದೂರ,
ಎಲ್ಲವೂ ಒಂದೇ ಕಡೆ ಮುಖ ಮಾಡಿ
ಪಂಕ್ತಿಯಲ್ಲಿ ಕೂತು ಬಡಿಸುವವರಿಗೆ ಕಾಯುತ್ತಿದ್ದಂತೆ.
ಎಡಕ್ಕೆ ಹೊರಳಿದ್ದು ತಪ್ಪಾಯಿತು:
ಬೇಲಿ, ಗೇಟು, ಬೀಗ,
ಕುರ್ಚಿಯ ಮೇಲೊಬ್ಬ ಕಾವಲು ಹುಡುಗ.
"ರಿವರ್ಸ್ ತಗೊಳ್ಳಿ ಅಮ್ಮಾ."

ನಮಗೆ ನಗು ತಡೆಯಲಾಗಲಿಲ್ಲ.

ಸೆರಗು ಸಿಕ್ಕಿಸಿ, ಬಾನೆಟ್ಟಿಗೆ ಕೈ ಕೊಟ್ಟು
ಮೂವರೂ ಕಾರನ್ನು ಹಿಂದಕ್ಕೆ ನೂಕಿದೆವು.
ಏದುಸಿರಿನ ನಡುವೆ ಹುಡುಗ ಹೇಳಿದ:
ಇದು ನಮ್ಮ ತಾತನ ಹೊಲ, ಬಾಡಿಗೆಗೆ ಕೊಟ್ಟವ್ರೆ,
ಈಗ ನಾನೇ ಕಾಯ್ತೀನಿ.
"ತಾತನ ಹೆಸರು?"
"ಮಂಡಿ ಕದರಪ್ಪ."
ಜೈಬುವಿನ ಕೈ ಬಾನೆಟ್ಟಿನ ಮೇಲೇ ನಿಂತಿತು.
"ತಿರುಮಣಿ ಏಳು," ಎಂದಳು.
ಹುಡುಗನಿಗೆ ಅರ್ಥವಾಗಲಿಲ್ಲ.
"ಒಳ್ಳೆ ದನಿ ಮಗಾ, ನಿಮ್ಮ ತಾತಂದು."

ಪ್ರತಿ ಗುರುವಾರ, ಒಂಬತ್ತರ ಮೇಲೆ, ಆದೋನಿಗೆ ಮೂರು ನಿಮಿಷ.
ಈಚೆಯವರು ಕಡಲೆಕಾಯಿ ರೇಟು ಹೇಳುತ್ತಿದ್ದರು.
ಆಚೆ ಬಳೆಯ ಸದ್ದು.
ಮತ್ತೇನೂ ಇಲ್ಲ, ಬಳೆಯ ಸದ್ದು.

ಡಾಂಬರು ಸಿಕ್ಕಮೇಲೆ ಕೇಳಿದೆ:
"ಅವರೇ ಅಲ್ವೇನೇ? ಆ ಆದೋನಿಯಾಕೆ ಕೊನೆಗೆ..."
ಜೈಬು ಕಿಟಕಿಯ ಗಾಜು ಏರಿಸಿದಳು.
"ಲೈನ್ ಕಟ್ಟಾಯ್ತು," ಎಂದು
ಅಂಗೈ ತುಂಬ ಹುರಿಗಡಲೆ ಚಾಚಿದಳು.

ನಾಗಲಮಡಿಕೆಯಲ್ಲಿ ಉತ್ತರ ಪಿನಾಕಿನಿ,
ನೀರಿಗಿಂತ ಮರಳೇ ಹೆಚ್ಚು.
ಮೂತಿಯನ್ನು ರಸ್ತೆಗೆ ತಿರುಗಿಸಿ ನಿಲ್ಲಿಸಿದೆ.
ಚಪ್ಪಲಿ ಕೈಯಲ್ಲಿ ಹಿಡಿದು
ಅವಳು ಆಗಲೇ ಅರ್ಧ ಹೊಳೆ ದಾಟಿದ್ದಳು.