ತಾಡಪತ್ರಿ

ಇಪ್ಪತ್ತೆಂಟು ವರ್ಷ ನಾ ಕಂಡದ್ದು ಇವರ ಬೆನ್ನು.
ದಾಜಿಬಾನ ಪೇಟಿ ಅಂಗಡ್ಯಾಗ ಮಶೀನಿನ ಮುಖ ಬೀದಿಗೆ,
ಇವರ ಮುಖ ಮಶೀನಿಗೆ,
ನನ್ನ ಮುಖ ಇವರ ಅಂಗಿಯ ಬೆವರಿನ ನಕಾಶಿಗೆ.
ಹಿಂದ ಕುಂತು ತಾಡಪತ್ರಿ ಜಗ್ಗಿ ಹಿಡಿಯೂದು ನನ್ನ ಕೆಲಸ.
ಬ್ಯಾಡಗಿ ಮೆಣಸಿನಕಾಯಿ ಹೇರಿದ ಲಾರಿ, ಹತ್ತಿ ಹೇರಿದ ಲಾರಿ,
ದೇಶ ತಿರಗ್ಯಾವ ನಮ್ಮ ಹೊಲಿಗಿ.
ನಾವು ಹೋಗಿದ್ದಂದ್ರ ಅಮರಗೋಳದ ತನಕ.

ಕಾರವಾರದ ಕಾಯ್ತಾನ ಹಾಯಿ ಹೊಲಸಾಕ ಬಂದಾಂವ
ಕೊಡಾಕ ರೊಕ್ಕಿಲ್ಲ ಗಣಪತಸಾ,
ಒಂದು ಹಂಗಾಮು ಡೋಣಿನ ಒಯ್ಯಿರಿ, ಅಂದಾಗ
ಇವರು ಹೂಂ ಅಂದದ್ದು ನನಗ ಬೆನ್ನಿನ ಮ್ಯಾಲೇ ಗೊತ್ತಾತು:
ಅಂಗಿ ಒಮ್ಮೆ ಉಬ್ಬಿ ಇಳೀತು.

ಹದಿನೆಂಟು ಫೂಟಿನ ಡೋಣಿ. ಹೆಸರು ಸ್ಟೆಲ್ಲಾ;
ಬಣ್ಣ ಉದುರಿ ಬರೇ ‘ಲ್ಲಾ’ ಉಳದಿತ್ತು.
ಕಾಯ್ತಾನನ ಕೂಡ ತಿಂಗಳೊಪ್ಪತ್ತು ಕಲತು, ದೀಪಾವಳಿ ಮುಗಿಸಿ,
ಬೇಲೇಕೇರಿ, ತದಡಿ, ಹೊನ್ನಾವರ,
ದಂಡಿ ಕಣ್ಣು ಬಿಡಧಂಗ, ಗಂಗೊಳ್ಳಿ ದಾಟಿ ಮಲ್ಪೆ.
ಹೋಗೂ ಮುಂದ ಹನ್ನೊಂದು ದಿನ, ಬರೂ ಮುಂದ ಇಪ್ಪತ್ತಾರು.
ಗಾಳಿ ಯಾವತ್ತೂ ಹೋಗವರ ಕಡೆ.

ಸಮುದ್ರ ಅಂಜಿಸ್ತದ ಅಂತಾರ. ನನಗ ಅಂಜಿಸಲಿಲ್ಲ.
ಎಂಟು ದಿನಕ್ಕೊಮ್ಮೆ ನಳ ಬರೂ ಊರಾಕಿ ನಾನು;
ಎರಡು ಕ್ಯಾನಿನಾಗ ಆರು ದಿನ ತಗದೀನಿ,
ಅಕ್ಕಿ ತೊಳದ ನೀರಾಗ ಬ್ಯಾಳಿ ಕುದಿಸಿ.
ಲಾರಿ ಕ್ಲೀನರ್ ಹುಡುಗರು ಕಲಿಸಿದ ಗಂಟು
ನೇತ್ರಾಣಿ ಕಡಿಂದ ಬಂದ ಗಾಳಿಗೂ ಬಿಚ್ಚಲಿಲ್ಲ.

ಅಂಜಿಸಿದ್ದು ಇವರ ಮುಖ.
ಇವರು ಚುಕ್ಕಾಣಿಗೆ, ನಾನು ಮುಂದ, ಇವರ ಕಡೆ ತಿರಗಿ.
ಮುಂಜಾನಿಂದ ಸಂಜಿತನ ಒಂದ ಮುಖ, ಅದರ ಹಿಂದ ಬರೇ ನೀರು.
ಎಡಗಣ್ಣಿನ ಕೆಳಗೊಂದು ಮಚ್ಚಿ. ಯಾವಾಗಿಂದ ಇತ್ತೋ.
ತೆರಿ ಎದ್ದಾಗೊಮ್ಮೆ ತುಟಿ ಅಲಗತಿದ್ದುವು,
ದೇವರ ನಾಮ ಅಂತ ತಿಳಕೊಂಡಿದ್ದೆ.
ಐದನೇ ದಿನ ಕೇಳಿದೆ. ಹೊಲಿಗಿ ಎಣಸಾಕತ್ತೀನಿ, ಅಂದ್ರು.
ನಡುವಿನ ಪಟ್ಟಿಗೆ ಬಂದಾಗ ದಾರ ಮುಗದಿತ್ತು, ಹಳೇದ ಹಚ್ಚೀನಿ.
ಇಬ್ಬರೂ ಮ್ಯಾಲ ನೋಡಿದಿವಿ. ಭಾಳೊತ್ತು.

ಜಗಳನೂ ಆತು. ಹೊನ್ನಾವರದ ಅಳವಿಯೊಳಗ
ಕುಕ್ಕರಿನ ಸೀಟಿ ನನ್ನ ಕೈಯಿಂದ ಜಾರಿ ಗುಳುಂ.
ಅವರೊಂದಂದ್ರು, ನಾ ನಾಕಂದೆ.
ಸಿಟ್ಟಾಗಿ ಹೋಗಬೇಕಂದ್ರ ಎಲ್ಲಿಗೆ?
ಏಳು ಹೆಜ್ಜಿಗೆ ಡೋಣಿ ಮುಗೀತದ,
ಬೆಟಗೇರಿ ತವರು ಗುಡ್ಡದ ಆಚೆ, ಆಚೆ, ಆಚೆ.
ಒಂದೂವರಿ ದಿನ ಮಾತಿಲ್ಲ. ಆದರ ಹಾಯಿ ತಿರುವೂ ಮುಂದ
ತಲಿ ಬಗ್ಗಸು, ಅನ್ನಲೇಬೇಕು; ಬೊಂಬು ಬಡೀತದ.
ದಿನಕ್ಕ ಮೂವತ್ತು ಸಲ ಅಂದ್ರು.
ಮೊದಲು ಬೈದಂಗ.
ಕಡೀಕ ಕರದಂಗ.

ಈಗ ಸ್ಟೆಲ್ಲಾ ಕಾಯ್ತಾನನ ಅಂಗಳದಾಗ ಬೋರಲ ಬಿದ್ದಾಳ.
ಅವನ ರೊಕ್ಕ ಬಂದಿಲ್ಲ, ಹಾಯಿ ನಮ್ಮ ಮಾಳಿಗಿ ಮ್ಯಾಲದ,
ನೀರಿನ ಟಾಕಿಗೆ ನೆರಳಾಗಿ.
ಮಶೀನು ಮತ್ತ ಬೀದಿಗೆ, ನಾನು ಬೆನ್ನಿಗೆ.
ಏನು ನೋಡಿದ್ರಿ ಬಾಯಿ, ಅಷ್ಟು ದಿನ? ಕೇಳ್ತಾರ ಗಿರಾಕಿ.
ಮಚ್ಚಿ ಅಂತ ಹೆಂಗ ಹೇಳಲಿ?
ಡಾಲ್ಫಿನ್ ನೋಡಿದಿವಿ, ಅಂತೀನಿ.

ಆಷಾಢದ ಗಾಳಿ ನಿಮಗ ಗೊತ್ತದ. ಹುಬ್ಬಳ್ಳಿಯೊಳಗ ಅದು
ನಿಂತವರನ್ನ ನಡಸ್ತದ, ನಡದವರನ್ನ ಓಡಸ್ತದ.
ನಿನ್ನೆ ರಾತ್ರಿ ಹಾಯಿ ಉಬ್ಬಿ ಟಾಕಿ ಬಿಟ್ಟೆದ್ದಿತು.
ಓಡಿ ಒಂದು ಮೂಲಿ ಹಿಡದೆ. ಕರದಿಲ್ಲ, ಕೂಗಿಲ್ಲ,
ಇವರು ಇನ್ನೊಂದು ಮೂಲಿಗೆ ಬಂದು ನಿಂತಿದ್ರು.
ಹೊಲಿಗಿಯಿಂದ ಏನೋ ಉದರಿ ತುಟಿಗೆ ಬಿತ್ತು: ಉಪ್ಪು.
ಪೇಟಿಗೆ ಪೇಟಿ, ದೀಪ ಸಹಿತ, ಎಡಕ್ಕ ವಾಲಿಧಂಗಾತು.
ತಲಿ ಬಗ್ಗಸು, ಅಂದ್ರು.
ಬೊಂಬು ಇದ್ದಿಲ್ಲ. ಬಗ್ಗಿಸಿದೆ.

ಅಷ್ಟರಾಗ ಕೆಳಗ ಓಣಿತುಂಬ ಕೊಡದ ಸಪ್ಪಳ,
ಯಾರೋ ಒದರಿದ್ರು:
ನೀರು ಬಂದಾವ್ರೀ, ನೀರು ಬಂದಾವು!